ರ‍್ಯಾನ್ಸಮ್‌ವೇರ್ ಬಂದು ಜೆಪಿಜಿ ಫೋಟೋಗಳೆಲ್ಲ ಹೋಗಿವೆ, ಕೀ ಸಿಗುವುದಿಲ್ಲ ಅನ್ನುತ್ತಿದೆ. ಚಿತ್ರವನ್ನಾದರೂ ಉಳಿಸಿಕೊಳ್ಳಬಹುದಾ?

ಹಳೆಆಲ್ಬಮ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ವಿಂಡೋಸ್ 10 ಲ್ಯಾಪ್‌ಟಾಪ್. ಸುಮಾರು 6,200 ಫೋಟೋಗಳ ಹೆಸರಿನ ಕೊನೆಗೆ ನಾಲ್ಕು ಅಕ್ಷರದ ಹೊಸ ಎಕ್ಸ್‌ಟೆನ್ಶನ್ ಸೇರಿಕೊಂಡಿದೆ. ಪ್ರತಿ ಫೋಲ್ಡರ್‌ನಲ್ಲೂ ರೀಡ್‌ಮೀ ಅನ್ನುವ ಟೆಕ್ಸ್ಟ್ ಫೈಲ್ ಇದೆ. ಅದರಲ್ಲಿ 980 ಡಾಲರ್ ಕೇಳಿದ್ದಾರೆ, 72 ಗಂಟೆಯೊಳಗೆ ಸಂಪರ್ಕಿಸಿದರೆ 490 ಅಂತೆ. ಐಡಿ ರ‍್ಯಾನ್ಸಮ್‌ವೇರ್ ಸೈಟ್‌ಗೆ ಒಂದು ಫೈಲ್ ಹಾಕಿ ನೋಡಿದಾಗ ಸ್ಟಾಪ್/ಡಿಜೆವು ಎಂದು ತೋರಿಸಿತು. ಎಮ್ಸಿಸಾಫ್ಟ್ ಡಿಕ್ರಿಪ್ಟರ್ ಓಡಿಸಿದರೆ ಇದು ಆನ್‌ಲೈನ್ ಐಡಿ, ಡಿಕ್ರಿಪ್ಟ್ ಸಾಧ್ಯವಿಲ್ಲ ಅನ್ನುತ್ತದೆ. ಐಡಿಯ ಕೊನೆಯಲ್ಲಿ ಟಿ1 ಇಲ್ಲ (ಇದ್ದರೆ ಅದು ಆಫ್‌ಲೈನ್ ಐಡಿ, ಹಲವರಿಗೆ ಒಂದೇ ಕೀ).

ಹೆಚ್ಚಿನವು ಒಂದೇ ಫೋನಿನ ಫೋಟೋಗಳು: 4000×3000, ಒಂದೊಂದು 4ರಿಂದ 5 ಎಂಬಿ. ಅದೇ ಫೋನ್ ಇನ್ನೂ ಕೈಯಲ್ಲಿದೆ. ಕೆಲವು ಕ್ಯಾಮೆರಾದ ರಾ ಫೈಲ್, ಸ್ವಲ್ಪ ಎಂಪಿ4, ಎರಡು ದೊಡ್ಡ ಜಿಪ್ ಕೂಡ ಇವೆ. ಹೆಸರಿನಿಂದ ಎಕ್ಸ್‌ಟೆನ್ಶನ್ ತೆಗೆದು ನೋಡಿದೆ, ತೆರೆಯುವುದಿಲ್ಲ. ಫಾರ್ಮ್ಯಾಟ್ ಮಾಡುವ ಮುಂಚೆ ಏನಾದರೂ ದಾರಿ ಇದೆಯಾ?

ಬೈಟ್‌ಬೇಟೆ

ಫಾರ್ಮ್ಯಾಟ್ ಮಾಡಬೇಡಿ. ದುಡ್ಡೂ ಕಟ್ಟಬೇಡಿ. ನೀವು ಹೇಳಿದ ವಿವರ ಸರಿಯಾಗಿದ್ದರೆ ಆ ಫೋಟೋಗಳಲ್ಲಿ ಹೆಚ್ಚಿನ ಪಾಲು ಇನ್ನೂ ಹಾಗೇ ಇದೆ.

ಮೊದಲು ಮಾಡಬೇಕಾದ ಕೆಲಸ ಬೇರೆ. ಈ ಜಾತಿಯ ಮಾಲ್‌ವೇರ್ ಟಾಸ್ಕ್ ಶೆಡ್ಯೂಲರ್‌ನಲ್ಲಿ "ಟೈಮ್ ಟ್ರಿಗರ್ ಟಾಸ್ಕ್" ಎಂಬ ಹೆಸರಿನಲ್ಲಿ ಕೂತು ಐದೈದು ನಿಮಿಷಕ್ಕೊಮ್ಮೆ ಮತ್ತೆ ಓಡುತ್ತದೆ. ಅದು ಜೀವಂತ ಇರುವಾಗ ಬ್ಯಾಕಪ್ ಡಿಸ್ಕ್ ಅಥವಾ ಫೋನ್ ಸಿಕ್ಕಿಸಿದರೆ ಉಳಿದಿದ್ದೂ ಹೋಗುತ್ತದೆ. ಇಂಟರ್ನೆಟ್ ತೆಗೆಯಿರಿ, ಯಂತ್ರ ಆಫ್ ಮಾಡಿ, ಡಿಸ್ಕನ್ನು ಇನ್ನೊಂದು ಕ್ಲೀನ್ ಯಂತ್ರಕ್ಕೆ ಅಥವಾ ಲಿನಕ್ಸ್ ಲೈವ್ ಯುಎಸ್‌ಬಿಗೆ ಕೊಟ್ಟು, ಹಾಳಾದ ಫೈಲ್‌ಗಳನ್ನೆಲ್ಲ ಹಾಗೆಹಾಗೇ ಬೇರೆ ಡ್ರೈವ್‌ಗೆ ಕಾಪಿ ಮಾಡಿ. ಜೊತೆಗೆ ಆ ರೀಡ್‌ಮೀ ಫೈಲ್, ಮತ್ತು ಸಿ ಡ್ರೈವ್‌ನ ಸಿಸ್ಟಮ್‌ಐಡಿ ಫೋಲ್ಡರ್‌ನಲ್ಲಿರುವ ಪರ್ಸನಲ್‌ಐಡಿ ಫೈಲ್ ಎರಡನ್ನೂ ಇಟ್ಟುಕೊಳ್ಳಿ. ಕೀ ಮುಂದೊಂದು ದಿನ ಹೊರಬಂದರೆ ಅದು ಕೆಲಸ ಮಾಡುವುದು ಈ ಮೂಲ ಕಾಪಿಯ ಮೇಲೆ ಮಾತ್ರ, ನಾವು ರಿಪೇರಿ ಮಾಡಿದ ಕಾಪಿಯ ಮೇಲಲ್ಲ.

ಇನ್ನೊಂದು ಮಾತು. ಈ ಮಾಲ್‌ವೇರ್ ಜೊತೆಗೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮ್‌ಗಳೂ ಬರುತ್ತವೆ. ಬ್ರೌಸರ್‌ನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಬೇರೆ ಯಂತ್ರದಿಂದ ಇವತ್ತೇ ಬದಲಿಸಿ. ಫೋಟೋ ನಾಳೆ ಮಾಡಿದರೂ ನಡೆಯುತ್ತದೆ, ಇದು ನಡೆಯುವುದಿಲ್ಲ.

ಈಗ ವಿಷಯಕ್ಕೆ. ಬೇಗ ಬೇಗ ಸಾವಿರಾರು ಫೈಲ್ ಮುಗಿಸಬೇಕು ಅನ್ನುವ ಕಾರಣಕ್ಕೆ ಡಿಜೆವು ಇಡೀ ಫೈಲನ್ನು ಎನ್‌ಕ್ರಿಪ್ಟ್ ಮಾಡುವುದಿಲ್ಲ. ಮೊದಲ 5 ಬೈಟ್ ಬಿಟ್ಟು ನಂತರದ 1,53,600 ಬೈಟ್‌ಗಳನ್ನು ಮಾತ್ರ ಸಾಲ್ಸಾ20 ಎಂಬ ಗೂಢಲಿಪಿ ವಿಧಾನದಲ್ಲಿ ಮುಚ್ಚುತ್ತದೆ. ಆಮೇಲೆ ಫೈಲ್‌ನ ಬಾಲಕ್ಕೆ 334 ಬೈಟ್ ಅಂಟಿಸುತ್ತದೆ: ಆರ್‌ಎಸ್‌ಎ 2048ರಲ್ಲಿ ಮುಚ್ಚಿದ ಕೀ 256 ಬೈಟ್, ನಿಮ್ಮ ಐಡಿ 40 ಬೈಟ್, ಅದರದೇ ಗುರುತು 38 ಬೈಟ್. ಆ 256 ಬೈಟ್ ಒಡೆಯುವುದು ಯಾರಿಂದಲೂ ಆಗದ ಕೆಲಸ. ಹಾಗಾಗಿ "ನಾವು ಆನ್‌ಲೈನ್ ಐಡಿಗೂ ಡಿಕ್ರಿಪ್ಟ್ ಮಾಡಿಕೊಡುತ್ತೇವೆ" ಅನ್ನುವವರು ಸಿಕ್ಕರೆ ನಂಬಬೇಡಿ. 2020ರಲ್ಲಿ ಝೋರಾಬ್ ಅನ್ನುವ ಇನ್ನೊಂದು ರ‍್ಯಾನ್ಸಮ್‌ವೇರ್ ಡಿಜೆವು ಡಿಕ್ರಿಪ್ಟರ್ ವೇಷದಲ್ಲೇ ಹರಡಿತ್ತು. ಅದನ್ನು ಓಡಿಸಿದವರ ಫೈಲ್‌ಗಳ ಮೇಲೆ ಎರಡನೇ ಬೀಗ ಬಿತ್ತು.

ನಿಮ್ಮ ಲೆಕ್ಕ ನೋಡಿ. 4000×3000 ಫೋಟೋ, 4.7 ಎಂಬಿ. ಫೋನ್‌ಗಳಲ್ಲಿ ಸಾಮಾನ್ಯವಾದ 4:2:0 ಮಾದರಿಯಲ್ಲಿ ಚಿತ್ರ 16×16 ಪಿಕ್ಸೆಲ್‌ನ ಚೌಕಗಳಾಗಿ ಕೋಡ್ ಆಗುತ್ತದೆ. ಇದಕ್ಕೆ ಎಂಸಿಯು ಎನ್ನುತ್ತಾರೆ. ಒಂದು ಸಾಲಿಗೆ 250 ಚೌಕ, 188 ಸಾಲು, ಒಟ್ಟು 47,000. ಸರಾಸರಿ ಒಂದು ಚೌಕಕ್ಕೆ 100 ಬೈಟ್. ಹೆಡರ್ ಮತ್ತು ಥಂಬ್‌ನೇಲ್‌ಗೆ 20,000 ಬೈಟ್ ಹೋಗಿದೆ ಅಂದುಕೊಂಡರೆ ನಿಜವಾಗಿ ಕಳೆದ ಚಿತ್ರ ಸುಮಾರು 1,33,000 ಬೈಟ್, ಅಂದರೆ 1,330 ಚೌಕ, ಅಂದರೆ ಮೇಲಿನ ಐದಾರು ಸಾಲು. ಪಿಕ್ಸೆಲ್‌ನಲ್ಲಿ ಎಂಬತ್ತು ತೊಂಬತ್ತು. ಮೇಲ್ಭಾಗದಲ್ಲಿ ಬರೀ ಆಕಾಶ ಇದ್ದರೆ ಅಲ್ಲಿ ಚೌಕಕ್ಕೆ 30 ಬೈಟ್ ಸಾಕಾಗಿರುತ್ತದೆ, ಆಗ 280 ಪಿಕ್ಸೆಲ್‌ವರೆಗೂ ಹೋಗಬಹುದು. ಹೋದರೂ ಅದು ಆಕಾಶ. ಮುಖಗಳು ಕೆಳಗಿವೆ.

ಫೋಟೋ ತೆರೆಯದಿರುವುದಕ್ಕೆ ಕಾರಣ ಆ ಸಾಲುಗಳಲ್ಲ, ಹೆಡರ್. ಅಳತೆ, ಕ್ವಾಂಟೈಸೇಶನ್ ಟೇಬಲ್ (ವಿವರವನ್ನು ಎಷ್ಟು ಒರಟಾಗಿಸಿದೆ ಎಂಬ ಪಟ್ಟಿ), ಹಫ್‌ಮನ್ ಟೇಬಲ್ (ಬಿಟ್‌ಗಳನ್ನು ಸಂಖ್ಯೆಯಾಗಿ ಓದುವ ಪಟ್ಟಿ) ಎಲ್ಲ ಇರುವುದು ಫೈಲ್‌ನ ತಲೆಯಲ್ಲಿ. ಅದಿಲ್ಲದೆ ಉಳಿದ ನಾಲ್ಕೂವರೆ ಎಂಬಿಯನ್ನು ಓದುವ ಬಗೆ ಪ್ರೋಗ್ರಾಮ್‌ಗೆ ಗೊತ್ತಾಗುವುದಿಲ್ಲ. ಅದೇ ಫೋನಿನ ಒಂದು ಆರೋಗ್ಯವಂತ ಫೋಟೋದಿಂದ ತಲೆ ತಂದು ಕಸಿ ಮಾಡಬೇಕು.

ಹೆಕ್ಸ್‌ನೋಡುಗ

ಕಸಿ ಮಾಡುವ ಮೊದಲು ಎರಡು ನಿಮಿಷದ ಪರೀಕ್ಷೆ. ಇದನ್ನು ಬಿಟ್ಟು ಮುಂದೆ ಹೋದರೆ ಸುಮ್ಮನೆ ಒಂದು ದಿನ ಹಾಳು.

ಎಚ್‌ಎಕ್ಸ್‌ಡಿ ಅಥವಾ ಯಾವುದೇ ಹೆಕ್ಸ್ ಎಡಿಟರ್‌ನಲ್ಲಿ (ಫೈಲ್‌ನ ಬೈಟ್‌ಗಳನ್ನು ಹಾಗೇ ತೋರಿಸಿ ತಿದ್ದಲು ಬಿಡುವ ಪ್ರೋಗ್ರಾಮ್) ಒಂದು ಹಾಳಾದ ಫೋಟೋ ತೆರೆಯಿರಿ. ಮೊದಲ ಬೈಟ್‌ಗಳು ಎಫ್‌ಎಫ್ ಡಿ8 ಎಫ್‌ಎಫ್ ಇ1 ಎಂದೇ ಕಾಣುತ್ತವೆ. ಐದು ಬೈಟ್ ಮುಟ್ಟಿಲ್ಲವಲ್ಲ, ಅದಕ್ಕೆ. ಅಲ್ಲಿಂದ ಮುಂದೆ ಫೋನಿನ ಹೆಸರು, ದಿನಾಂಕ ಅಕ್ಷರಗಳಲ್ಲಿ ಕಾಣಬೇಕಿತ್ತು, ಅದರ ಜಾಗದಲ್ಲಿ ಬರೀ ಗೊಂದಲ. ಈಗ ಗೋಟು ಒತ್ತಿ ಹೆಕ್ಸ್ 25805 ವಿಳಾಸಕ್ಕೆ ಹೋಗಿ (ದಶಮಾನದಲ್ಲಿ 1,53,605). ಅಲ್ಲಿಂದ ಕೆಳಗೆ ಎಫ್‌ಎಫ್ ಬೈಟ್ ಎಲ್ಲೆಲ್ಲಿ ಬರುತ್ತದೋ ಹುಡುಕಿ. ಜೆಪಿಜಿಯ ಚಿತ್ರಭಾಗದಲ್ಲಿ ಎಫ್‌ಎಫ್ ಬಂದರೆ ಅದರ ನಂತರವೇ 00 ಬರಲೇಬೇಕು, ಇಲ್ಲವೇ ಡಿ0ಯಿಂದ ಡಿ7ರವರೆಗಿನ ಮರುಪ್ರಾರಂಭದ ಗುರುತು. ಎಫ್‌ಎಫ್ 00, ಎಫ್‌ಎಫ್ 00 ಎಂದು ಮತ್ತೆ ಮತ್ತೆ ಸಿಕ್ಕರೆ ಅಲ್ಲಿರುವುದು ಮುಟ್ಟದ ಚಿತ್ರ. ಎಫ್‌ಎಫ್ ನಂತರ 3ಬಿ, 91, ಸಿ4 ಹೀಗೆ ಏನೇನೋ ಬರುತ್ತಿದ್ದರೆ ಪೂರ್ತಿ ಎನ್‌ಕ್ರಿಪ್ಟ್ ಆಗಿದೆ, ಅಂಥ ಫೈಲ್‌ಗೆ ಈ ದಾರಿ ಇಲ್ಲ. ಬೇರೆ ಜಾತಿಯ ರ‍್ಯಾನ್ಸಮ್‌ವೇರ್‌ಗೂ ಇದೇ ಪರೀಕ್ಷೆ ಸಾಕು, ಹೆಸರು ಹುಡುಕುವ ಮೊದಲೇ ಉತ್ತರ ಸಿಗುತ್ತದೆ.

ಮಾದರಿ ಫೋಟೋ ಆರಿಸುವುದರಲ್ಲೇ ಅರ್ಧ ಗೆಲುವು. ಅದೇ ಫೋನ್, ಅದೇ ಲೆನ್ಸ್, ಅದೇ ರೆಸಲ್ಯೂಶನ್, ಅದೇ ಮೋಡ್. ಮುಂದಿನ ಕ್ಯಾಮೆರಾದ ಫೋಟೋಗೆ ಮುಂದಿನದೇ ಮಾದರಿ ಬೇಕು. ಫೋನನ್ನು ಯಾವ ಕಡೆ ಹಿಡಿದು ತೆಗೆದಿದ್ದರೋ ಆ ಕಡೆಯೇ ಹಿಡಿಯಿರಿ. ಫೋಟೋವನ್ನು ಚಾಟ್‌ನಲ್ಲಿ ಕಳಿಸಿ ತರಬೇಡಿ, ಅಲ್ಲಿ ಅದು ಮತ್ತೆ ಕಂಪ್ರೆಸ್ ಆಗಿ ಟೇಬಲ್‌ಗಳೇ ಬದಲಾಗುತ್ತವೆ. ಕೇಬಲ್‌ನಲ್ಲೇ ಕಾಪಿ ಮಾಡಿ.

ಒಂದು ಫೋಟೋವನ್ನು ಕೈಯಾರೆ ಮಾಡುವುದು ಹೀಗೆ:

1. ಹಾಳಾದ ಫೈಲ್‌ನ ಕಾಪಿಯಲ್ಲಿ ಕೊನೆಯ 334 ಬೈಟ್ ಅಳಿಸಿ. ಅಳಿಸಿದ ಮೇಲೆ ಫೈಲ್ ಎಫ್‌ಎಫ್ ಡಿ9ರಲ್ಲಿ ಮುಗಿದರೆ ಸರಿ. ಕೆಲವು ಫೋನ್‌ಗಳು ಡಿ9 ನಂತರವೂ ತಮ್ಮದೇ ಮಾಹಿತಿ ಸೇರಿಸುತ್ತವೆ, ಅದಿದ್ದರೆ ಗಾಬರಿ ಬೇಡ.

2. ಮಾದರಿ ಫೈಲ್‌ನಲ್ಲಿ ಎಫ್‌ಎಫ್ ಡಿಎ ಹುಡುಕಿ. ಮೊದಲು ಸಿಗುವುದು ಥಂಬ್‌ನೇಲ್‌ನದ್ದು. ಥಂಬ್‌ನೇಲ್ ಕೂಡ ತನ್ನದೇ ಆದ ಪುಟ್ಟ ಜೆಪಿಜಿ, ಅದಕ್ಕೂ ಡಿ8, ಡಿಎ, ಡಿ9 ಎಲ್ಲ ಇರುತ್ತದೆ. ಅದು ಮುಗಿದ ಮೇಲೆ ಬರುವ ಡಿಎ ಬೇಕು. ಅಲ್ಲಿ 00 0ಸಿ 03 ಎಂದು ಶುರುವಾಗಿ 00 3ಎಫ್ 00 ಎಂದು ಮುಗಿಯುತ್ತದೆ. ಆ 00 3ಎಫ್ 00 ದಾಟಿದ ಮರುಬೈಟಿನಿಂದ ಚಿತ್ರ.

3. ಮಾದರಿಯ ಮೊದಲಿಂದ ಅಲ್ಲಿಯವರೆಗೆ ಕಾಪಿ ಮಾಡಿ ಹೊಸ ಫೈಲ್‌ಗೆ ಅಂಟಿಸಿ. ಹಾಳಾದ ಫೈಲ್‌ನಲ್ಲಿ 25805ರಿಂದ ಕೊನೆಯವರೆಗೆ ಕಾಪಿ ಮಾಡಿ ಅದರ ಕೊನೆಗೆ ಅಂಟಿಸಿ. ಜೆಪಿಜಿ ಎಂದು ಸೇವ್ ಮಾಡಿ.

ತೆರೆದರೆ ಚಿತ್ರ ಬರುತ್ತದೆ. ಸರಿಯಾಗಿ ಬರುವುದಿಲ್ಲ, ಆದರೆ ಬರುತ್ತದೆ. ಏನೇನು ತಪ್ಪಾಗಿ ಕಾಣುತ್ತಿದೆ ಅಂತ ಬರೆಯಿರಿ, ಒಂದೊಂದಕ್ಕೂ ಕಾರಣ ಬೇರೆ.

ಮಾದರಿಯಲ್ಲಿ ಎಫ್‌ಎಫ್ ಸಿ0 ಬದಲು ಎಫ್‌ಎಫ್ ಸಿ2 ಕಂಡರೆ ಅದು ಪ್ರೊಗ್ರೆಸಿವ್ ಜೆಪಿಜಿ. ಅದರ ಕಥೆ ಬೇರೆ: ಇಡೀ ಚಿತ್ರದ ಒರಟು ರೂಪ ಮೊದಲ ಸ್ಕ್ಯಾನ್‌ನಲ್ಲೇ ಇರುತ್ತದೆ, 150 ಕೆಬಿ ಹೋದರೆ ಬುನಾದಿಯೇ ಹೋದ ಹಾಗೆ. ನಿಮ್ಮ ಫೋನಿನ ನೇರ ಫೋಟೋಗಳಲ್ಲಿ ಈ ತೊಂದರೆ ಬರುವುದು ಅಪರೂಪ. ಎಡಿಟ್ ಮಾಡಿ ಉಳಿಸಿದವುಗಳಲ್ಲಿ ಬರಬಹುದು.

ಹಳೆಆಲ್ಬಮ್

ಇಬ್ಬರಿಗೂ ತುಂಬಾ ಧನ್ಯವಾದ. ಪಾಸ್‌ವರ್ಡ್ ಬದಲಿಸಿದೆ, ಕಾಪಿ ಆಯಿತು. 25805ರ ಕೆಳಗೆ ಎಫ್‌ಎಫ್ 00 ಸಾಲುಸಾಲಾಗಿ ಸಿಕ್ಕಿತು. ಐದು ಫೋಟೋ ಕೈಯಲ್ಲಿ ಮಾಡಿದೆ. ಚಿತ್ರ ಬಂತು! ಆದರೆ:

ಮೊದಲನೆಯದರಲ್ಲಿ ಎಲ್ಲ ಮೇಲಕ್ಕೆ ಸರಿದು ಕೆಳಗೆ ಬೂದು ಪಟ್ಟಿ ಇದೆ, ಚಿತ್ರದ ಬಲ ಅರ್ಧ ಎಡಕ್ಕೆ ಬಂದಿದೆ. ಎರಡನೆಯದು ಹಾಗೇ ಇದ್ದು ಮೇಲಿಂದ ಕೆಳಗಿನವರೆಗೂ ನೇರಳೆ ಬಣ್ಣ. ಮೂರನೆಯದು ಓರೆಯಾಗಿ ಹರಿದ ಬಟ್ಟೆಯ ಹಾಗೆ. ನಾಲ್ಕನೆಯದು ಬರೀ ಬಣ್ಣಬಣ್ಣದ ಚೌಕ. ಐದನೆಯದರಲ್ಲಿ ಎಲ್ಲ ಸರಿ, ಆದರೆ ಕಾಂಟ್ರಾಸ್ಟ್ ವಿಪರೀತ. ಇನ್ನೊಂದು: ಎಲ್ಲದರ ದಿನಾಂಕವೂ ಇವತ್ತಿನದು ಆಗಿದೆ.

ಹೆಕ್ಸ್‌ನೋಡುಗ

ಒಳ್ಳೆಯದಾಯಿತು, ಐದೂ ತಪ್ಪು ಒಟ್ಟಿಗೆ ಸಿಕ್ಕವು.

ಮೊದಲನೆಯದು ಸಹಜ. ಕಳೆದ ಚೌಕಗಳು ಎಷ್ಟು ಎಂದು ಪ್ರೋಗ್ರಾಮ್‌ಗೆ ಗೊತ್ತಿಲ್ಲ, ಸಿಕ್ಕ ಮೊದಲ ಚೌಕವನ್ನೇ ಮೇಲಿನ ಎಡಮೂಲೆಯಲ್ಲಿ ಇಡುತ್ತದೆ. ನಿಜವಾಗಿ ಅದು ಆರನೇ ಸಾಲಿನ 137ನೆಯ ಚೌಕ ಆಗಿದ್ದಿರಬಹುದು. ಆದ್ದರಿಂದ ಅದಕ್ಕೂ ಮೊದಲು ಅಷ್ಟು ಖಾಲಿ ಚೌಕ ತುಂಬಬೇಕು. ಚಿತ್ರದೊಳಗಿನ ಕಡಿದ ಗೆರೆ ಎಡಗಡೆಯಿಂದ ಎಷ್ಟು ಪಿಕ್ಸೆಲ್ ದೂರ ಇದೆ ಅಳೆಯಿರಿ, 16ರಿಂದ ಭಾಗಿಸಿ, 250ರಿಂದ ಕಳೆಯಿರಿ. ಅಷ್ಟು ಚೌಕ ಸೇರಿಸಿದರೆ ಅಡ್ಡ ಸರಿಹೋಗುತ್ತದೆ. ಆಮೇಲೆ ಕೆಳಗಿನ ಬೂದು ಪಟ್ಟಿ ಮಾಯವಾಗುವವರೆಗೆ 250, 250 ಸೇರಿಸುತ್ತ ಹೋಗಿ. ಜೆಪೆಗ್‌ರಿಪೇರ್ ಎಂಬ ಕಮಾಂಡ್‌ಲೈನ್ ಟೂಲ್‌ನಲ್ಲಿ ಚೌಕ ಸೇರಿಸುವ, ತೆಗೆಯುವ ಆಜ್ಞೆಗಳಿವೆ. ಡಿಸ್ಕ್‌ಟ್ಯೂನಾದ ಜೆಪೆಗ್-ರಿಪೇರ್ ಬೇರೆ, ಅದು ಕಿಟಕಿ ಇರುವ ಪ್ರೋಗ್ರಾಮ್. ಹೆಸರು ಒಂದೇ ಥರ ಇದ್ದು ಗೊಂದಲ ಆಗುತ್ತದೆ.

ನೇರಳೆ ಬಣ್ಣದ್ದು ನನಗೆ ತುಂಬಾ ಮುಖ್ಯ ಅನಿಸುವ ಅಂಶ. ಜೆಪಿಜಿಯಲ್ಲಿ ಒಂದು ಚೌಕದ ಸರಾಸರಿ ಬೆಳಕನ್ನು ಪೂರ್ತಿ ಬರೆದಿರುವುದಿಲ್ಲ, ಹಿಂದಿನ ಚೌಕಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಮಾತ್ರ ಬರೆದಿರುತ್ತದೆ. ಆರಂಭವೇ ಕಳೆದುಹೋದರೆ ಆ ವ್ಯತ್ಯಾಸಗಳು ಸೊನ್ನೆಯಿಂದ ಶುರುವಾಗಿ, ಮೊದಲ ತಪ್ಪು ಕೊನೆಯವರೆಗೂ ಹಾಗೇ ಸಾಗುತ್ತದೆ. ಬೆಳಕಿನಲ್ಲಿ ತಪ್ಪಿದರೆ ಚಿತ್ರ ಕಪ್ಪು ಅಥವಾ ಬಿಳಿಚು, ಬಣ್ಣದ ಎರಡು ಘಟಕಗಳಲ್ಲಿ ತಪ್ಪಿದರೆ ನೇರಳೆ ಅಥವಾ ಹಸಿರು. ದಯವಿಟ್ಟು ಇದನ್ನು ಫೋಟೋ ಎಡಿಟರ್‌ನಲ್ಲಿ ಸರಿಪಡಿಸಬೇಡಿ. ತೆರೆಯುವಾಗಲೇ ಬೆಲೆಗಳು 0ರಿಂದ 255ರೊಳಗೆ ಕತ್ತರಿಸಿಹೋಗಿರುತ್ತವೆ, ಬಿಳಿಯಾಗಿ ಸುಟ್ಟ ಭಾಗದಲ್ಲಿ ಎಳೆಯಲು ಏನೂ ಉಳಿದಿರುವುದಿಲ್ಲ. ಜೆಪೆಗ್‌ರಿಪೇರ್‌ನ ಸಿಡೆಲ್ಟಾ ಆಜ್ಞೆಯಲ್ಲಿ ಘಟಕ 0, 1, 2ಕ್ಕೆ ಬೇರೆಬೇರೆಯಾಗಿ ಹೆಚ್ಚುಕಡಿಮೆ ಮಾಡಿ. ಅದು ಜೆಪಿಜಿಯೊಳಗಿನ ಸಂಖ್ಯೆಯನ್ನೇ ತಿದ್ದುತ್ತದೆ, ಹಾಗಾಗಿ ವಿವರ ಒಂದಿಷ್ಟೂ ಹೋಗುವುದಿಲ್ಲ. ಬಿಳಿ ಗೋಡೆ ಅಥವಾ ಬಿಳಿ ಅಂಗಿ ಇರುವ ಜಾಗ ನೋಡಿಕೊಂಡು ಮೊದಲು ಬಣ್ಣ, ಆಮೇಲೆ ಬೆಳಕು.

ಓರೆಯಾಗಿ ಹರಿದದ್ದು ಅಗಲ ತಪ್ಪು, ಅಂದರೆ ಮಾದರಿ ಬೇರೆ ರೆಸಲ್ಯೂಶನ್‌ನದ್ದು. 4000 ಬದಲು 4032 ಇದ್ದರೂ ಸಾಲಿಗೆ ಎರಡು ಚೌಕ ಜಾರುತ್ತ ಹೋಗುತ್ತದೆ. ಎತ್ತರ ತಪ್ಪಿದರೆ ಹೀಗಾಗುವುದಿಲ್ಲ.

ಚೌಕಚೌಕದ್ದಕ್ಕೆ ಎರಡು ಕಾರಣ ಇರಬಹುದು. ಹಫ್‌ಮನ್ ಕೋಡ್‌ನ ನಡುವೆ ಎಲ್ಲಿಂದಲೋ ಓದಲು ಶುರುಮಾಡಿದ್ದೀರಿ. ಸಾಮಾನ್ಯವಾಗಿ ಸ್ವಲ್ಪ ದೂರ ತಡವರಿಸಿ ತಾನೇ ಹಳಿಗೆ ಬರುತ್ತದೆ, ಕೆಲವೊಮ್ಮೆ ಬರುವುದಿಲ್ಲ. ಅಂಟಿಸಿದ ಭಾಗದ ಮೊದಲಿಂದ ಒಂದು ಬೈಟ್ ತೆಗೆದು ನೋಡಿ, ಆಗದಿದ್ದರೆ ಎರಡು, ಹತ್ತು, ಐವತ್ತು. ಎಲ್ಲಿಯೂ ಸರಿಹೋಗದಿದ್ದರೆ ಎರಡನೇ ಕಾರಣ: ಆ ಫೋಟೋದ ಹಫ್‌ಮನ್ ಟೇಬಲ್ ಮಾದರಿಯದ್ದಲ್ಲ. ಎಡಿಟರ್‌ನಲ್ಲಿ "ಆಪ್ಟಿಮೈಸ್ಡ್" ಆಯ್ಕೆಯಲ್ಲಿ ಸೇವ್ ಮಾಡಿದ ಪ್ರತಿ ಫೋಟೋಗೂ ಅದಕ್ಕೇ ಕಟ್ಟಿದ ಟೇಬಲ್ ಇರುತ್ತದೆ. ಅದು ಎನ್‌ಕ್ರಿಪ್ಟ್ ಆದ ಭಾಗದಲ್ಲಿತ್ತು, ಹೋಯಿತು. ಅಂಥವನ್ನು ಬದಿಗಿಟ್ಟು ಕಾಯುವುದೊಂದೇ.

ಕಾಂಟ್ರಾಸ್ಟ್ ಹೆಚ್ಚಾದದ್ದು ಕ್ವಾಂಟೈಸೇಶನ್ ಟೇಬಲ್ ಬೇರೆ. ಕೆಲವು ಫೋನ್‌ಗಳು ದೃಶ್ಯ ನೋಡಿ ಕ್ವಾಲಿಟಿ ಬದಲಿಸುತ್ತವೆ. ಬಿಸಿಲು, ನೆರಳು, ರಾತ್ರಿ ಹೀಗೆ ಹತ್ತು ಹದಿನೈದು ಮಾದರಿ ತೆಗೆದಿಟ್ಟುಕೊಂಡರೆ ಒಂದು ಹೊಂದುತ್ತದೆ.

ಅಂದ ಹಾಗೆ, 25805ರ ಕೆಳಗೆ ಎಫ್‌ಎಫ್ ಡಿ0, ಡಿ1, ಡಿ2 ಎಂದು ಸರದಿಯಲ್ಲಿ ಸಿಗುತ್ತಿದ್ದರೆ ನಿಮ್ಮ ಪುಣ್ಯ. ಅಂಥ ಪ್ರತಿ ಗುರುತಿನಲ್ಲೂ ಡಿಕೋಡರ್ ಹೊಸದಾಗಿ ಲೆಕ್ಕ ಶುರುಮಾಡುತ್ತದೆ. ಮೊದಲು ಸಿಗುವ ಗುರುತಿನ ಮರುಬೈಟಿನಿಂದ ಕಾಪಿ ಮಾಡಿದರೆ ಬಣ್ಣದ ತೊಂದರೆಯೇ ಬರುವುದಿಲ್ಲ, ಸ್ಥಳ ಮಾತ್ರ ಸರಿಪಡಿಸಬೇಕು.

ದಿನಾಂಕ: ಅದು ಮಾದರಿಯ ಎಕ್ಸಿಫ್, ಅಂದರೆ ಫೋಟೋದೊಳಗೆ ಬರೆದಿಟ್ಟ ದಿನಾಂಕ, ಕ್ಯಾಮೆರಾ ಮಾಹಿತಿ. ಕಸಿ ಮಾಡುವ ಮೊದಲೇ ಎಕ್ಸಿಫ್‌ಟೂಲ್‌ನಲ್ಲಿ ಮಾದರಿಯ ಎಕ್ಸಿಫ್ ಅಳಿಸಿಬಿಡಿ, ಬಣ್ಣದ ಪ್ರೊಫೈಲ್ ಮಾತ್ರ ಉಳಿಸಿ. ಅದೂ ಹೋದರೆ ವಿಶಾಲ ಬಣ್ಣದ ಫೋನ್‌ಗಳ ಚಿತ್ರ ಪೇಲವವಾಗುತ್ತದೆ. ಫೋನಿನ ಫೈಲ್ ಹೆಸರಿನಲ್ಲೇ ದಿನಾಂಕ, ಸಮಯ ಇದ್ದರೆ ಅದರಿಂದಲೇ ಎಕ್ಸಿಫ್‌ಟೂಲ್ ಮತ್ತೆ ಬರೆದುಕೊಡುತ್ತದೆ. ಎಕ್ಸಿಫ್ ಅಳಿಸಿದ ಮೇಲೆ ನಿಲುವಿನ ಫೋಟೋಗಳು ಮಲಗಿರುತ್ತವೆ, ಲಾಸ್‌ಲೆಸ್ ಆಗಿ ತಿರುಗಿಸಿ. ಆಗ ಕಳೆದ ಪಟ್ಟಿ ಮೇಲೆ ಇರುವುದಿಲ್ಲ, ಎಡಕ್ಕೋ ಬಲಕ್ಕೋ ಬರುತ್ತದೆ. ಸೆನ್ಸರ್ ಓದುವ ಕ್ರಮ ಬದಲಾಗುವುದಿಲ್ಲವಲ್ಲ.

ರಾಶಿಕೆಲಸ

6,200 ಫೋಟೋ ಕೈಯಲ್ಲಿ ಆಗುವ ಮಾತಲ್ಲ. ಕೈಯಲ್ಲಿ ಮಾಡಿ ಕಲಿತದ್ದು ಮಾದರಿ ಆರಿಸಲು ಸಾಕು. ಆಮೇಲೆ ರಾಶಿಗೆ ಜೆಪೆಗ್‌ಮೆಡಿಕ್ ಎಆರ್‌ಡಬ್ಲ್ಯುಇ ಬಳಸಿ, ಈ ಥರ ಹಾಳಾದ ಫೋಟೋಗಳಿಗೆಂದೇ ಮಾಡಿದ ಟೂಲ್. ಒಂದು ಫೋಲ್ಡರ್, ಒಂದು ಮಾದರಿ ಕೊಟ್ಟರೆ ಸ್ಥಾನ, ಬಣ್ಣ ಎರಡನ್ನೂ ತಾನೇ ಹೊಂದಿಸಲು ನೋಡುತ್ತದೆ. ಮೊದಲು ಫೋಟೋಗಳನ್ನು ಕ್ಯಾಮೆರಾ, ರೆಸಲ್ಯೂಶನ್ ಪ್ರಕಾರ ಫೋಲ್ಡರ್ ಮಾಡಿ. ಎಕ್ಸಿಫ್ ಇಲ್ಲದ್ದರಿಂದ ಹೆಸರಿನ ಮಾದರಿ ಮತ್ತು ಸೈಜ್ ನೋಡಿಯೇ ಬೇರ್ಪಡಿಸಬೇಕು. ಮೂವತ್ತು ಫೈಲ್ ಓಡಿಸಿ ಫಲಿತಾಂಶ ನೋಡಿ, ಸರಿ ಕಂಡರೆ ಮಾತ್ರ ಇಡೀ ಫೋಲ್ಡರ್.

ಜಿಪ್‌ನಿಂದ ಶುರುಮಾಡಿ, ಅದು ಎಲ್ಲಕ್ಕಿಂತ ಸುಲಭ. ಜಿಪ್‌ನ ಪರಿವಿಡಿ ಫೈಲ್‌ನ ಕೊನೆಯಲ್ಲಿರುತ್ತದೆ. ಹೊಸ ಎಕ್ಸ್‌ಟೆನ್ಶನ್ ತೆಗೆದು 7-ಜಿಪ್‌ನಲ್ಲಿ ತೆರೆದರೆ ಮೊದಲ ಒಂದೆರಡು ಫೈಲ್ ಬಿಟ್ಟು ಉಳಿದೆಲ್ಲ ಪೂರ್ತಿಯಾಗಿ ಬರುತ್ತವೆ, ರಿಪೇರಿಯೇ ಬೇಡ. ಜಿಪ್ ಒಳಗೆ ಇರುವ ಫೋಟೋ ಹೊರಗೂ ಹಾಳಾಗಿ ಬಿದ್ದಿದ್ದರೆ ಅಷ್ಟು ಕೆಲಸ ಉಳಿಯಿತು.

ರಾ ಫೈಲ್‌ಗಳಲ್ಲಿ ಕ್ಯಾಮೆರಾ ಒಂದು ಜೆಪಿಜಿ ಪ್ರಿವ್ಯೂ ಅಡಗಿಸಿಟ್ಟಿರುತ್ತದೆ. 25805ರ ನಂತರ ಎಫ್‌ಎಫ್ ಡಿ8 ಎಫ್‌ಎಫ್ ಹುಡುಕಿ. ಸಿಕ್ಕರೆ ಅಲ್ಲಿಂದ ಎಫ್‌ಎಫ್ ಡಿ9ವರೆಗೆ ಕಾಪಿ ಮಾಡಿ ಜೆಪಿಜಿ ಎಂದು ಉಳಿಸಿ. ಹೆಡರ್ ಸಮೇತ ಪೂರ್ತಿ ಚಿತ್ರ. ಕ್ಯಾಮೆರಾದ ಸಾಮಾನ್ಯ ಜೆಪಿಜಿಗಳಲ್ಲೂ ಇದೇ ಹುಡುಕಾಟ ಮಾಡಿ: ಕೆಲವು ಕ್ಯಾಮೆರಾಗಳು ಮುಖ್ಯ ಚಿತ್ರ ಮುಗಿದ ಮೇಲೆ ಬಾಲದಲ್ಲಿ ಇನ್ನೊಂದು ದೊಡ್ಡ ಪ್ರಿವ್ಯೂ ಸೇರಿಸುತ್ತವೆ. ಮೇಲಿನ ಪಟ್ಟಿ ಹೋದ ದೊಡ್ಡ ಚಿತ್ರಕ್ಕೆ ಆ ಪಟ್ಟಿಯನ್ನು ಇದರಿಂದ ತಂದು ಜೋಡಿಸಬಹುದು.

ಎಂಪಿ4 ಆದರೆ ಡಿಸ್ಕ್‌ಟ್ಯೂನಾದ ಮೀಡಿಯಾ ರಿಪೇರ್. ಅದಕ್ಕೂ ಅದೇ ಸಾಧನದ, ಅದೇ ಸೆಟ್ಟಿಂಗ್‌ನ ಮಾದರಿ ವಿಡಿಯೋ ಬೇಕು. ಪರಿವಿಡಿ ಫೈಲ್‌ನ ಕೊನೆಯಲ್ಲಿ ಬರೆದಿರುವ ವಿಡಿಯೋಗಳು ಚೆನ್ನಾಗಿ ಬರುತ್ತವೆ, ಮೊದಲ ಕೆಲವು ಕ್ಷಣ ಮಾತ್ರ ಹೋಗುತ್ತದೆ. ಎಚ್‌ಇಐಸಿ ಇದ್ದರೆ ಕಷ್ಟ, ಯಾವ ತುಂಡು ಎಲ್ಲಿದೆ ಎಂಬ ಪಟ್ಟಿ ತಲೆಯಲ್ಲೇ ಇರುತ್ತದೆ.

150 ಕೆಬಿಗಿಂತ ಚಿಕ್ಕ ಫೋಟೋಗಳಲ್ಲಿ ಏನೂ ಉಳಿದಿಲ್ಲ, ಅವುಗಳ ಮೇಲೆ ಸಮಯ ಹಾಕಬೇಡಿ. ಚಾಟ್‌ನಲ್ಲಿ ಯಾರಿಗೆ ಕಳಿಸಿದ್ದಿರೋ ಅವರ ಫೋನ್, ಹಳೆಯ ಮೇಲ್, ಕ್ಯಾಮೆರಾದ ಮೆಮೊರಿ ಕಾರ್ಡ್ ನೋಡಿ. ಕಾರ್ಡ್ ಖಾಲಿ ಕಂಡರೂ ಅದರ ಮೇಲೆ ಹೊಸದೇನೂ ಬರೆಯದೆ ಫೋಟೋರೆಕ್ ಓಡಿಸಿ, ಅಳಿಸಿದ ಫೋಟೋಗಳು ಅಲ್ಲಿ ಎನ್‌ಕ್ರಿಪ್ಟ್ ಆಗದೆ ಸಿಗುತ್ತವೆ. ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿ ಮೇಲೆ ಅದೇ ಆಸೆ ಇಟ್ಟುಕೊಳ್ಳಬೇಡಿ. ಅಲ್ಲಿ ಅಳಿಸಿದ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ಖಾಲಿ ಮಾಡಿರುತ್ತದೆ. ವಿಂಡೋಸ್‌ನ ಥಂಬ್‌ಕ್ಯಾಶ್ ಫೈಲ್‌ಗಳು ಉಳಿದಿದ್ದರೆ ಥಂಬ್‌ಕ್ಯಾಶ್ ವ್ಯೂವರ್‌ನಲ್ಲಿ 256 ಪಿಕ್ಸೆಲ್‌ನ ಚಿತ್ರಗಳಾದರೂ ಬರುತ್ತವೆ. ಪೂರ್ತಿ ಹೋದ ಫೋಟೋದಲ್ಲಿ ಯಾರಿದ್ದರು ಎಂದು ಗುರುತಿಸಲು ಅಷ್ಟು ಸಾಕು.

ಹಳೆಆಲ್ಬಮ್

ಜಿಪ್ ಎರಡೂ ತೆರೆದವು, ಒಂದರಲ್ಲಿ ಮೊದಲ ಫೈಲ್ ಮಾತ್ರ ಎರರ್. ಮೂರನೆಯ ಫೋಟೋದ್ದು ನೀವು ಹೇಳಿದ್ದೇ ಸರಿ, ಮಾದರಿ 4032 ಅಗಲದ್ದಾಗಿತ್ತು. ಬದಲಿಸಿದ ಮೇಲೆ ನೆಟ್ಟಗೆ ಬಂತು. ನಾಲ್ಕನೆಯದು ಹನ್ನೊಂದು ಬೈಟ್ ತೆಗೆದಾಗ ಸರಿಹೋಯಿತು. ಒಂದು ಕೊನೆಯ ಅನುಮಾನ: ಕೆಲವು ಫೈಲ್‌ಗಳಲ್ಲಿ ಹೊಸ ಎಕ್ಸ್‌ಟೆನ್ಶನ್ ಎರಡು ಸಲ ಇದೆ. ಅವುಗಳ ಬಾಲದಲ್ಲಿ ಎಷ್ಟು ಅಳಿಸಬೇಕು?

ಹೆಕ್ಸ್‌ನೋಡುಗ

ಅವು ಎರಡು ಸಲ ಎನ್‌ಕ್ರಿಪ್ಟ್ ಆಗಿವೆ. ಎರಡೂ ಸಲ ಬಿದ್ದದ್ದು ಅದೇ ಮೊದಲ ಭಾಗದ ಮೇಲೆ, ಹಾಗಾಗಿ ಚಿತ್ರಕ್ಕೆ ಹೆಚ್ಚಿನ ನಷ್ಟ ಇಲ್ಲ. ಬಾಲ ಎರಡು, 668 ಬೈಟ್ ಅಳಿಸಿ. ಅಳಿಸುವ ಮುಂಚೆ ಕೊನೆಯಲ್ಲಿ ಪುಷ್ಪಾವರಣದೊಳಗಿನ ಆ 38 ಅಕ್ಷರದ ಗುರುತು ಎಷ್ಟು ಸಲ ಇದೆ ಎಣಿಸಿಕೊಳ್ಳಿ, ಮೂರು ಸಲ ಇದ್ದರೆ 1,002.